ಕಲ್ಲಿನಡಿಯ ಮಖಮಲ್ಲು

ಮಾಯಕೊಂಡದಲ್ಲಿ ಮುಂಗಾರಿನ ಮೊದಲ ಹದಮಳೆ ಬಿದ್ದು ಎರಡು ದಿನವಾಗಿತ್ತು. ಮೆಕ್ಕೆಜೋಳದ ಬಿತ್ತನೆಗೆಂದು ಹರಗಿ ಬಿಟ್ಟಿದ್ದ ಹೊಲದ ಬದುವಿನ ಮೇಲೆ, ಯಾರೋ ಕುಂಕುಮದ ಭರಣಿಯನ್ನು ಚೆಲ್ಲಿದಂತೆ, ಕೆಂಪು ಹುಳುಗಳು ಮೆಲ್ಲನೆ ಹರಿದಾಡುತ್ತಿದ್ದವು. ನನ್ನ ಅಕ್ಕನ ಮಗ, ಎಂಟನೆಯ ತರಗತಿಯ ಹುಡುಗ, ಅವುಗಳಲ್ಲೊಂದನ್ನು ಅಂಗೈಯಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಓಡಿಬಂದ.

“ಮಾಮಾ, ನೂರಾ ಹನ್ನೊಂದು ವರ್ಷ ಆದಮ್ಯಾಲೆ ಸಿಕ್ಕೈತಿ ಅಂತ ಪೇಪರಿನಾಗ ಬಂದಿತ್ತಲ್ಲ, ಮಖಮಲ್ಲಿನ ಹುಳ, ಅದು ಇದೇ ಏನು? ನಮ್ಮ ಹೊಲದಾಗ ಬೇಕಾದಷ್ಟು ಅದಾವ!”

ಕಟ್ಟೆಯ ಮೇಲೆ ಕುಳಿತಿದ್ದ ಅವನ ಅಜ್ಜಿಗೆ ಪೇಪರಿನ ಸುದ್ದಿ ಬೇಕಿರಲಿಲ್ಲ. “ಮಳಿ ತಂದ ಹುಳ ಅದು, ಮದ್ಲು ನೆಲಕ್ಕ ಬಿಡೋ” ಎಂದರು. ಹುಡುಗ ಬಿಟ್ಟ. ಆದರೆ ಅವನ ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು.

ಹುಡುಗನ ತಪ್ಪು ಸಹಜವಾದುದೇ. ಮಳೆ ಬಿದ್ದೊಡನೆ ನೆಲದಿಂದ ಮೇಲೇಳುವ ಈ ಕೆಂಪು ಜೀವಿಯ ಮೈ ನಿಜಕ್ಕೂ ಮಖಮಲ್ಲಿನಂತಿರುತ್ತದೆ. ಆದರೆ ಎಣಿಸಿ ನೋಡಿದರೆ ಅದಕ್ಕೆ ಎಂಟೇ ಕಾಲು. ಅದು ಜೇಡ, ಚೇಳುಗಳ ಬಳಗಕ್ಕೆ ಸೇರಿದುದು. ದನದ ಮೈಗೆ ಕಚ್ಚಿಕೊಳ್ಳುವ ಉಣ್ಣೆಯ ಹತ್ತಿರದ ನೆಂಟ. ವರ್ಷದ ಬಹುಭಾಗವನ್ನು ಮಣ್ಣಿನೊಳಗೆ ಕಳೆದು, ಮಳೆಯ ಕೆಲವು ದಿನ ಮಾತ್ರ ಮೇಲೆ ಬಂದು, ಗೆದ್ದಲು ಮತ್ತು ಕೀಟಗಳ ಮೊಟ್ಟೆಗಳನ್ನು ತಿಂದು, ಮತ್ತೆ ಮಣ್ಣು ಸೇರುತ್ತದೆ. ಪತ್ರಿಕೆಯಲ್ಲಿ ಬಂದದ್ದು ಬೇರೆಯೇ ಪ್ರಾಣಿ. ಅದನ್ನು ಮತ್ತೆ ಕಂಡವರು ನಮ್ಮ ಬೆಂಗಳೂರಿನ ಸಂಸ್ಥೆಯೊಂದರ ವಿಜ್ಞಾನಿಗಳು. ಕಂಡದ್ದು ಮಾತ್ರ ಮಾಯಕೊಂಡದಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ, ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಲ್ಲಿ.

ಇಂಗ್ಲಿಷರು ಅದಕ್ಕೆ ವೆಲ್ವೆಟ್ ವರ್ಮ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ರೂಢಿಯ ಹೆಸರಿಲ್ಲ. ನಮ್ಮ ನಾಡಿನಲ್ಲಿ ಯಾರೂ ಕಾಣದ ಪ್ರಾಣಿಗೆ ಹೆಸರಾದರೂ ಎಲ್ಲಿಂದ ಬರಬೇಕು? ಸದ್ಯಕ್ಕೆ ಮಖಮಲ್ಲು ಹುಳು ಎಂದೇ ಕರೆಯೋಣ. ಮೊದಲ ನೋಟಕ್ಕೆ ಅದು ಕಂಬಳಿಹುಳುವಿನಂತೆ ಕಾಣುತ್ತದೆ. ಆದರೆ ಕಂಬಳಿಹುಳುವಿನ ಕೂದಲು ಇದಕ್ಕಿಲ್ಲ. ಮೈಯೆಲ್ಲ ಸೂಕ್ಷ್ಮವಾದ ಗುಳ್ಳೆಗಳು. ಒಂದೊಂದು ಗುಳ್ಳೆಯ ಮೇಲೂ ಇನ್ನೂ ಸೂಕ್ಷ್ಮವಾದ ಹುರುಪೆಗಳು. ಮಖಮಲ್ಲಿನ ಹೊಳಪು ಬರುವುದು ಇವುಗಳಿಂದಲೇ. ಅದರ ಮೇಲೆ ನೀರು ಬಿದ್ದರೆ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಜಾರಿ ಹೋಗುತ್ತದೆ. ತಲೆಯ ಮುಂದೆ ಎರಡು ಮೃದುವಾದ ಮೀಸೆಗಳು. ಕೆಳಗೆ ಸಾಲಾಗಿ ಕಾಲುಗಳು. ಜಾತಿಗನುಸಾರ ಹದಿಮೂರು ಜೊತೆಯಿಂದ ನಲವತ್ತಮೂರು ಜೊತೆಯವರೆಗೆ. ಅವೂ ವಿಚಿತ್ರವಾದ ಕಾಲುಗಳೇ. ಇರುವೆಯ ಕಾಲಿನಂತೆ ಕೀಲಿಲ್ಲ, ಗಡುಸಾದ ಕವಚವಿಲ್ಲ. ಒಳಗೆ ದ್ರವ ತುಂಬಿದ ಪುಟ್ಟ ಚೀಲಗಳು ಅವು. ತುದಿಯಲ್ಲಿ ಮಾತ್ರ ಒಂದು ಜೊತೆ ಕೊಕ್ಕೆಯಂಥ ಉಗುರು. ಈ ಉಗುರಿನಿಂದಲೇ ವಿಜ್ಞಾನಿಗಳು ಇಡೀ ವಂಶಕ್ಕೆ ‘ಒನಿಕೋಫೊರಾ’ ಎಂದು ಹೆಸರಿಟ್ಟರು. ನಖಧಾರಿ ಎಂದು ಅದರ ಅರ್ಥ.

ಈ ಪ್ರಾಣಿಯನ್ನು ಮೊದಲು ಲೋಕಕ್ಕೆ ತಿಳಿಸಿದವನು ಒಬ್ಬ ಪಾದ್ರಿ. ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿದ್ದ ಲ್ಯಾನ್ಸ್‌ಡೌನ್ ಗಿಲ್ಡಿಂಗ್ 1826ರಲ್ಲಿ ಇದನ್ನು ವರ್ಣಿಸಿ, ಕಾಲುಳ್ಳ ಒಂದು ಬಗೆಯ ಬಸವನಹುಳುವೆಂದು ಬರೆದ. ಕಾಲಿರುವ ಬಸವನಹುಳು! ಇಂದು ನಗು ಬರಬಹುದು. ಆದರೆ ಮೆತ್ತನೆಯ ಮೈ, ಬಾಯಿಂದ ಸೂಸುವ ಲೋಳೆ, ನಿಧಾನವಾದ ನಡಿಗೆ, ಇವನ್ನೆಲ್ಲ ಕಂಡವನಿಗೆ ಹಾಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಸುಮಾರು ಅರ್ಧ ಶತಮಾನದ ಮೇಲೆ, 1873ರಲ್ಲಿ, ಸಮುದ್ರಶೋಧನೆಗಾಗಿ ಹೊರಟಿದ್ದ ‘ಚಾಲೆಂಜರ್’ ಹಡಗು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರದಲ್ಲಿ ತಂಗಿತು. ಹಡಗಿನಲ್ಲಿದ್ದ ಮೋಸ್ಲಿ ಎಂಬ ಪ್ರಾಣಿಶಾಸ್ತ್ರಜ್ಞ ಅಲ್ಲಿಯ ಮಖಮಲ್ಲು ಹುಳುಗಳನ್ನು ಹಿಡಿದು ಕೊಯ್ದು ನೋಡಿದಾಗ, ಒಳಗೆ ಕೀಟಗಳಿಗಿರುವಂಥ ಶ್ವಾಸನಾಳಗಳು ಕಂಡವು. ಅಲ್ಲಿಗೆ ಬಸವನಹುಳುವಿನ ನೆಂಟಸ್ತಿಕೆ ಮುರಿಯಿತು. ಕೀಟ, ಜೇಡ, ಏಡಿ, ಚೇಳುಗಳ ದೊಡ್ಡ ಮನೆತನದ ಪಕ್ಕದಲ್ಲಿ, ಅದೇ ಅಜ್ಜನಿಂದ ಬೇರೆಯಾಗಿ ಬಂದ ದಾಯಾದಿ ಶಾಖೆ ಇದು ಎಂಬುದು ಈಗಿನ ನಿರ್ಣಯ.

ಆ ಶಾಖೆ ಎಷ್ಟು ಹಳೆಯದು? ಕೆನಡಾ ದೇಶದ ಬರ್ಜೆಸ್ ಎಂಬಲ್ಲಿಯ ಬಂಡೆಗಳಲ್ಲಿ ಸುಮಾರು ಐವತ್ತು ಕೋಟಿ ವರ್ಷಗಳ ಹಿಂದಿನ ಸಮುದ್ರಜೀವಿಗಳ ಅಚ್ಚುಗಳಿವೆ. ಅವುಗಳಲ್ಲಿ ‘ಹ್ಯಾಲುಸಿಜೀನಿಯಾ’ ಎಂಬುದು ಒಂದು. ವಿಜ್ಞಾನಿಗಳು ಅದನ್ನು ಮೊದಲು ತಲೆಕೆಳಗಾಗಿ ಚಿತ್ರಿಸಿದ್ದರು. ಬೆನ್ನಿನ ಮುಳ್ಳುಗಳನ್ನು ಕಾಲುಗಳೆಂದೇ ಭಾವಿಸಿದ್ದರು. 2014ರಲ್ಲಿ ಅದರ ಉಗುರುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಪದರದೊಳಗೆ ಪದರವಿರುವ ಆ ರಚನೆ ಇಂದಿನ ಮಖಮಲ್ಲು ಹುಳುವಿನ ಉಗುರನ್ನೇ ಹೋಲುತ್ತಿತ್ತು. ನೆಲದ ಮೇಲೆ ಮರವೇ ಹುಟ್ಟದಿದ್ದ ಕಾಲದ ಬಳಗದವರು ಇವರು.

ಬೇಟೆಯ ಬಗೆ

ಈ ಹುಳುವಿನ ಬೇಟೆಯನ್ನು ಕಂಡವರು ಅದನ್ನು ಮರೆಯಲಾರರು. ಅದು ಓಡಲಾರದು, ಹಾರಲಾರದು, ಕಣ್ಣಿದ್ದರೂ ಅಷ್ಟಕ್ಕಷ್ಟೇ. ಕತ್ತಲಾದ ಮೇಲೆ ಕೊಳೆತ ದಿಮ್ಮಿಯ ಸಂದಿನಿಂದ ಹೊರಬಿದ್ದು, ಗಾಳಿಯ ಅಲುಗಾಟವನ್ನು ಮೀಸೆಯಲ್ಲಿ ಗ್ರಹಿಸುತ್ತ ನಡೆಯುತ್ತದೆ. ಎದುರಿಗೆ ಚಿಮ್ಮಂಡೆಯೋ ಜೇಡವೋ ಸಿಕ್ಕಿತೆನ್ನಿ. ಕಳ್ಳನು ನಿದ್ರಿಸುವವನನ್ನು ಮುಟ್ಟಿ ನೋಡುವಂತೆ, ಮೀಸೆಯ ತುದಿಯಿಂದ ಅತಿ ಮೃದುವಾಗಿ ಅದನ್ನು ಸವರಿ ಅಳತೆ ತೆಗೆದುಕೊಳ್ಳುತ್ತದೆ. ಆಮೇಲೆ ತಲೆಯನ್ನು ತುಸು ಹಿಂದಕ್ಕೆಳೆದು, ಬಾಯಿಯ ಎರಡು ಬದಿಯಲ್ಲಿರುವ ಕೊಳವೆಗಳಿಂದ ಗೋಂದನ್ನು ಚಿಮ್ಮುತ್ತದೆ.

ನೀರಿನ ರಭಸಕ್ಕೆ ಕೈತಪ್ಪಿದ ರಬ್ಬರ್ ಕೊಳವೆ ಅಂಗಳದಲ್ಲಿ ಹಾವಿನಂತೆ ಹೊರಳಾಡಿ ಎಲ್ಲರನ್ನೂ ತೋಯಿಸುವುದನ್ನು ಓದುಗರು ಕಂಡಿರಬಹುದು. ಇಲ್ಲಿ ನಡೆಯುವುದೂ ಅದೇ. ಕೊಳವೆಗಳನ್ನು ಹುಳುವು ಸ್ನಾಯುಬಲದಿಂದ ತಿರುಗಿಸುವುದಿಲ್ಲ. ಹೊರನುಗ್ಗುವ ದ್ರವದ ರಭಸಕ್ಕೆ ಅವು ತಾವಾಗಿಯೇ ಅತ್ತಿತ್ತ ಬಡಿದಾಡುತ್ತವೆ, ಎಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎರಡು ಧಾರೆಗಳೂ ಗಾಳಿಯಲ್ಲಿಯೇ ಹೆಣೆದುಕೊಂಡು ಬಲೆಯಾಗಿ ಬೇಟೆಯ ಮೇಲೆ ಬೀಳುತ್ತವೆ. ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಎಲ್ಲವೂ ಮುಗಿದಿರುತ್ತದೆ. ಗೋಂದಿನ ಬಹುಭಾಗ ಬರಿಯ ನೀರು. ಉಳಿದದ್ದು ಹೆಚ್ಚಾಗಿ ಪ್ರೋಟೀನು. ಬೇಟೆ ಒದ್ದಾಡಿದಷ್ಟೂ ಅದರ ಎಳೆಗಳು ಗಟ್ಟಿಯಾಗುತ್ತವೆ. ಹೀಗೆ ಗಟ್ಟಿಯಾದ ಎಳೆಯನ್ನು ಮತ್ತೆ ನೀರಿನಲ್ಲಿ ಕರಗಿಸಿ ಮತ್ತೆ ನೂಲಾಗಿ ಎಳೆಯಬಹುದೆಂದು ಜರ್ಮನಿಯ ಸಂಶೋಧಕರು 2017ರಲ್ಲಿ ಕಂಡುಕೊಂಡರು. ಪ್ಲಾಸ್ಟಿಕಿನ ಹಾವಳಿಯಿಂದ ಕಂಗೆಟ್ಟವರಿಗೆ ಇದು ಆಸೆ ಹುಟ್ಟಿಸುವ ಸಂಗತಿ.

ಬಲೆಗೆ ಬಿದ್ದ ಮೇಲೆ ಅವಸರವಿಲ್ಲ. ಕತ್ತರಿಯಂಥ ದವಡೆಗಳಿಂದ ಬೇಟೆಯ ಮೈಗೆ ರಂಧ್ರ ಕೊರೆದು, ಜೊಲ್ಲನ್ನು ಒಳಗಿಳಿಸಿ, ಮಾಂಸ ಕರಗಿದ ಮೇಲೆ ಹೀರುತ್ತದೆ. ಗೋಂದನ್ನೂ ಬಿಡುವುದಿಲ್ಲ, ಅದನ್ನೂ ತಿಂದು ಮುಗಿಸುತ್ತದೆ. ಖಾಲಿಯಾದ ಚೀಲ ಮತ್ತೆ ತುಂಬಲು ವಾರಗಳೇ ಬೇಕಾದ್ದರಿಂದ ಈ ಮಿತವ್ಯಯ.

ಆಸ್ಟ್ರೇಲಿಯಾದ ಒಂದು ಜಾತಿಯಲ್ಲಿ ಇನ್ನೂ ಸೋಜಿಗವುಂಟು. ಒಂದೇ ದಿಮ್ಮಿಯೊಳಗೆ ಹತ್ತಾರು ಹುಳುಗಳು ಒಟ್ಟು ಕುಟುಂಬದಂತೆ ಬಾಳುತ್ತವೆ. ಮನೆಗೆ ಯಜಮಾನಿ ಒಬ್ಬಳು. ಕೂಡಿ ಬೇಟೆಯಾಡಿದರೂ ಮೊದಲ ಊಟ ಅವಳದು. ಅವಳು ತೃಪ್ತಳಾದ ಮೇಲೆ ಉಳಿದ ಹೆಣ್ಣುಗಳು, ಆಮೇಲೆ ಗಂಡುಗಳು, ಕಡೆಗೆ ಮರಿಗಳು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಣ್ಣಗಾದುದನ್ನು ಉಣ್ಣುವ ನಮ್ಮ ಗೃಹಿಣಿಯರು ಈ ಏರ್ಪಾಡನ್ನು ಕೇಳಿ ಏನೆನ್ನುವರೋ!

ಇಷ್ಟೆಲ್ಲ ಇದ್ದರೂ ಈ ಪ್ರಾಣಿಯ ಬಾಳಿನಲ್ಲಿ ಒಂದು ದೊಡ್ಡ ಕುಂದಿದೆ. ಉಸಿರಾಟಕ್ಕಾಗಿ ಅದರ ಮೈತುಂಬ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳಿವೆ. ಕೀಟಗಳು ಇಂಥ ರಂಧ್ರಗಳನ್ನು ಬೇಕಾದಾಗ ಮುಚ್ಚಿಕೊಳ್ಳಬಲ್ಲವು. ಮಖಮಲ್ಲು ಹುಳುವಿಗೆ ಆ ಶಕ್ತಿಯಿಲ್ಲ. ಬಾಗಿಲಿದ್ದೂ ಕದವಿಲ್ಲದ ಮನೆ. ಒಣಗಾಳಿ ಬೀಸಿದರೆ ಮೈಯ ನೀರೆಲ್ಲ ಆರಿಹೋಗುತ್ತದೆ. ಆದುದರಿಂದಲೇ ತೇವ ಎಂದೂ ಬತ್ತದ ಕಾಡು, ಆ ಕಾಡಿನಲ್ಲಿಯೂ ಕಲ್ಲಿನಡಿ, ತರಗೆಲೆಯಡಿ, ಕೊಳೆತ ಮರದ ಒಡಲು ಅದಕ್ಕೆ ಬೇಕು. ದಕ್ಷಿಣ ಆಫ್ರಿಕದ ಕರಾವಳಿಯ ತ್ಸಿತ್ಸಿಕಾಮಾ ಕಾಡು ಅಂಥದು. ಸಮುದ್ರದ ಮಂಜಿನಲ್ಲಿ ಸದಾ ತೋಯ್ದಿರುವ ಆ ನಿತ್ಯಹರಿದ್ವರ್ಣದಲ್ಲಿ ಈ ವಂಶದ ಒಂದು ಜಾತಿ ವಾಸವಾಗಿದೆ. ಮಾಯಕೊಂಡದ ಬೇಸಗೆಯಲ್ಲಾದರೋ ಅದು ಒಂದು ಮಧ್ಯಾಹ್ನವನ್ನೂ ಕಳೆಯಲಾರದು.

ರೋಟುಂಗಿನ ಕಲ್ಲುಗಳು

ಭಾರತದಲ್ಲಿ ಈ ವಂಶದ ಒಂದೇ ಜಾತಿ ಗೊತ್ತಿದೆ. ಅದು ಸಿಕ್ಕಿದ ಕತೆಯಲ್ಲಿ ರಕ್ತದ ಕಲೆಯಿದೆ.

1911ರ ಮಾರ್ಚಿಯಲ್ಲಿ, ಸದಿಯಾದಲ್ಲಿದ್ದ ಬ್ರಿಟಿಷ್ ಅಧಿಕಾರಿ ನೋಯಲ್ ವಿಲಿಯಂಸನ್ ಸಿಯಾಂಗ್ ಕಣಿವೆಯ ಕೊಮ್ಸಿಂಗ್ ಎಂಬ ಹಳ್ಳಿಯಲ್ಲಿ ಕೊಲೆಯಾದ. ಕೊಂದವರು ಆದಿ ಜನ. ಆಗಿನ ಸರಕಾರ ಅವರನ್ನು ಅಬೋರರೆಂದು ಕರೆಯುತ್ತಿತ್ತು. ಅವರ ನೆಲಕ್ಕೆ ಸರಕಾರದ ಕೈ ಚಾಚುತ್ತಿದ್ದ ಕಾಲ ಅದು. ಸೇಡು ತೀರಿಸಲೆಂದು ಅದೇ ವರ್ಷ ಮಳೆಗಾಲ ಕಳೆದೊಡನೆ ದೊಡ್ಡ ಸೇನೆಯೊಂದು ಕಣಿವೆಯನ್ನು ಏರಿತು. ಸೇನೆಯ ಜೊತೆಗೆ ಭೂಮಾಪಕರೂ ವಿಜ್ಞಾನಿಗಳೂ ಹೊರಟರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸ್ಟ್ಯಾನ್ಲಿ ಕೆಂಪ್ ಪ್ರಾಣಿಗಳ ಸಂಗ್ರಹಕ್ಕೆಂದು ಬಂದವನು. ಮುಂದೆ ದಕ್ಷಿಣ ಮಹಾಸಾಗರದ ಶೋಧನೆಯ ನಾಯಕನಾಗಿ ಹೆಸರಾದ ಈತ ಆಗ ಮೂವತ್ತು ದಾಟದ ತರುಣ.

ಡಿಸೆಂಬರ್ 4ರಂದು ಕೇಕರ್ ಮೋನ್ಯಿಂಗ್ ಎಂಬ ಕಡಿದಾದ ಬಂಡೆಯ ಬಳಿ ಆದಿಗಳು ಸೇನೆಯನ್ನು ತಡೆದರು. ಬಂದೂಕಿಗೆ ಎದುರಾಗಿ ಅವರ ಬಳಿ ಇದ್ದುದು ಬಿಲ್ಲುಬಾಣ ಮತ್ತು ಕಲ್ಲು. ಮೇಲಿನಿಂದ ಬಂಡೆಗಳನ್ನು ಉರುಳಿಸಿದರು. ಸೋತರು. ಅವರ ಮುಂದಾಳು ಮಾತ್ಮೂರ್ ಜಾಮೋಹ್‌ನನ್ನು ಅಂಡಮಾನಿನ ಸೆಲ್ಯುಲರ್ ಜೈಲಿಗೆ ಕಳುಹಿಸಲಾಯಿತು. ಆ ಚಳಿಗಾಲದಲ್ಲಿಯೇ, ಅಲ್ಲಿಂದ ದೂರವಲ್ಲದ ರೋಟುಂಗಿನ ಸುತ್ತಿನ ಕಾಡಿನಲ್ಲಿ, ಕೆಂಪ್ ಒಂದೊಂದೇ ಕಲ್ಲನ್ನು ಮಗುಚಿ ನೋಡುತ್ತಿದ್ದ. ಕಲ್ಲಿನ ಕೆಳಗೆ, ಸುಮಾರು ಇಪ್ಪತ್ತು ಜೊತೆ ಕಾಲುಗಳ ಕಂದು ಹುಳುವೊಂದು ಅವನಿಗೆ ಸಿಕ್ಕಿತು. ಹೊರಗೆ ಕಣ್ಣೆಂಬುದೇ ಕಾಣಿಸದ ಹುಳು! ಅದರ ಬೆಲೆಯನ್ನು ಅವನು ಅರಿತಿದ್ದ. 1913ರಲ್ಲಿ ಅದಕ್ಕೆ ‘ಟಿಫ್ಲೊಪೆರಿಪಾಟಸ್ ವಿಲಿಯಂಸೊನೈ’ ಎಂದು ನಾಮಕರಣವಾಯಿತು. ಮೊದಲ ಮಾತಿನಲ್ಲಿ ‘ಕುರುಡು’ ಎಂಬ ಅರ್ಥವಿದೆ. ಎರಡನೆಯದರಲ್ಲಿ ಸತ್ತ ಅಧಿಕಾರಿಯ ಹೆಸರು. ಆದಿಗಳು ಇಂದಿಗೂ ಸ್ಮರಿಸುವುದು ಜಾಮೋಹ್‌ನನ್ನು. ಅವರ ಕಾಡಿನ ಹುಳುವಾದರೋ ವಿಲಿಯಂಸನ್ನನ ಹೆಸರನ್ನು ಹೊತ್ತು ತಿರುಗುತ್ತಿದೆ. ಪ್ರಾಣಿಶಾಸ್ತ್ರದ ನಿಯಮದಂತೆ ಒಮ್ಮೆ ಇಟ್ಟ ಹೆಸರನ್ನು ಇಂಥ ಕಾರಣಕ್ಕೆ ಬದಲಿಸುವಂತಿಲ್ಲ.

ಅಲ್ಲಿಂದ ಮುಂದೆ ಮೌನ. ದೇಶ ಸ್ವತಂತ್ರವಾಯಿತು, ಅಬೋರ್ ಬೆಟ್ಟಗಳು ಅರುಣಾಚಲವಾದವು, ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಪೆರಿಪಾಟಸ್ಸಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ತಲೆಮಾರುಗಳ ವಿದ್ಯಾರ್ಥಿಗಳು ಪರೀಕ್ಷೆ ಪಾಸಾದರು. ಆದರೆ ನಮ್ಮದೇ ನೆಲದ ಪೆರಿಪಾಟಸ್ಸನ್ನು ಮತ್ತೆ ಕಂಡೆನೆಂದು ಬರೆದವರಿಲ್ಲ. ಹುಲಿ ಕಾಣೆಯಾದರೆ ದೇಶವೇ ಹುಡುಕುತ್ತದೆ. ಬೆರಳುದ್ದದ ಕುರುಡು ಹುಳುವನ್ನು ಹುಡುಕುವವರಾರು? ದಾರಿಯಿಲ್ಲದ ಬೆಟ್ಟ, ಎಡೆಬಿಡದ ಮಳೆ, ಜಿಗಣೆ, ಗಡಿನಾಡಿಗೆ ಕಾಲಿಡಲು ಬೇಕಾದ ಪರವಾನಗಿ, ಇವೆಲ್ಲ ಬೇರೆ. ಹುಳು ಅಳಿದೇ ಹೋಗಿದೆಯೋ ಏನೋ ಎಂದು ಭಾವಿಸಲು ಆಸ್ಪದವಿತ್ತು.

ಹೀಗಿರುವಾಗ ಬೆಂಗಳೂರಿನ ‘ಏಟ್ರೀ’ ಸಂಸ್ಥೆ, ಅಂದರೆ ಪರಿಸರ ಸಂಶೋಧನೆಯ ಅಶೋಕ ಟ್ರಸ್ಟ್, ಸಿಯಾಂಗ್ ಕಣಿವೆಗೆ ತನ್ನ ತಂಡವನ್ನು ಕಳುಹಿಸಿತು. ಸಸ್ಯಶಾಸ್ತ್ರಜ್ಞ ಕಮಲ್‌ಜಿತ್ ಬಾವಾ ಅವರು 1996ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅಬೋರ್ ದಂಡಯಾತ್ರೆಯ ಸಂಗ್ರಹಕಾರರು ನಡೆದ ನೆಲದಲ್ಲಿ, ಈ ಸಲ ಸೈನ್ಯವಿಲ್ಲದೆ, ಕಣಿವೆಯ ಜೀವಸಂಪತ್ತನ್ನು ಮತ್ತೊಮ್ಮೆ ದಾಖಲಿಸುವುದು ಆ ಯಾತ್ರೆಯ ಉದ್ದೇಶವಾಗಿತ್ತು. ಸೂರ್ಯ ನಾರಾಯಣನ್, ಪ್ರಿಯದರ್ಶನನ್ ಧರ್ಮರಾಜನ್, ಎನ್. ಎ. ಅರವಿಂದ ಮೊದಲಾದ ಸಂಶೋಧಕರು ಮಾಡಿದ್ದೂ ಕೆಂಪ್ ಮಾಡಿದ್ದನ್ನೇ: ಕಲ್ಲು ಮಗುಚಿ ನೋಡಿದರು. ಹುಳು ಅಲ್ಲಿಯೇ ಇತ್ತು. ನೂರ ಹನ್ನೊಂದು ವರ್ಷ ಅದು ಎಲ್ಲಿಗೂ ಹೋಗಿರಲಿಲ್ಲ. ಕೆಂಪ್‌ನಿಗೆ ದೊರೆಯದ ಒಂದು ಸಾಧನ ಇವರ ಬಳಿಯಿತ್ತು. ನಮ್ಮ ದೇಶದ ಮಖಮಲ್ಲು ಹುಳುವಿನ ಡಿ.ಎನ್.ಎ. ಮೊದಲ ಬಾರಿಗೆ ಓದಲ್ಪಟ್ಟಿತು.

ಸಹ್ಯಾದ್ರಿಯಲ್ಲೇಕಿಲ್ಲ?

ಇಲ್ಲಿಗೆ ನನ್ನ ಅಳಿಯ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟ. ಮಾಯಕೊಂಡದಲ್ಲಿ ಬೇಡ, ಆಗುಂಬೆಯಲ್ಲಿ, ಕೊಡಗಿನಲ್ಲಿ, ಕುಮಟೆ-ಹೊನ್ನಾವರಗಳ ಘಟ್ಟದಡಿಯಲ್ಲಿ ಏಕಿಲ್ಲ? ಅಲ್ಲಿ ಮಳೆಗೆ ಕೊರತೆಯೇ?

ಪ್ರಶ್ನೆ ಚಿಕ್ಕದಲ್ಲ. ಮಖಮಲ್ಲು ಹುಳುಗಳು ಇಂದು ಬದುಕಿರುವ ಕಡೆಗಳನ್ನು ಭೂಪಟದಲ್ಲಿ ಗುರುತಿಸಿದರೆ, ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಹೀಗೆ ಹೆಚ್ಚಿನವು ಹಿಂದೆ ‘ಗೊಂಡ್ವಾನ’ ಎಂಬ ಒಂದೇ ಮಹಾಖಂಡವಾಗಿದ್ದ ನೆಲಗಳು. ನಮ್ಮ ಪರ್ಯಾಯದ್ವೀಪವೂ ಅದರದೇ ತುಂಡು. ದಾವಣಗೆರೆ, ಚಿತ್ರದುರ್ಗಗಳ ಬಂಡೆಗಳು ಆ ಮಹಾಖಂಡಕ್ಕಿಂತಲೂ ಹಳೆಯವು. ಗೊಂಡ್ವಾನ ಒಡೆದಾಗ ಭಾರತವೆಂಬ ಹಡಗು ಈ ಹುಳುಗಳನ್ನೂ ಹೊತ್ತು ಬಂದು ಏಷ್ಯಕ್ಕೆ ಇಳಿಸಿರಬೇಕೆಂದು ಊಹಿಸುವುದು ಸುಲಭ. ಹಾಗಿದ್ದರೆ ಹಡಗಿನಲ್ಲಿಯೂ ಕೆಲವಾದರೂ ಉಳಿದಿರಬೇಕಲ್ಲ! ಆದರೆ ಸಹ್ಯಾದ್ರಿಯಲ್ಲಾಗಲಿ ಸಿಂಹಳದಲ್ಲಾಗಲಿ ಇದುವರೆಗೆ ಒಂದೂ ದಾಖಲಾಗಿಲ್ಲ.

ಉತ್ತರದ ಎಳೆ ದೊರೆತದ್ದು ಬರ್ಮಾದ ಒಂದು ಅಂಬರಿನಲ್ಲಿ, ಎಂದರೆ ಕಲ್ಲಾದ ಮರದ ಅಂಟಿನಲ್ಲಿ. ಅದರೊಳಗೆ ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಸಿಕ್ಕಿಬಿದ್ದ ಮಖಮಲ್ಲು ಹುಳುವೊಂದಿದೆ. 2002ರಲ್ಲಿ ಅದನ್ನು ವರ್ಣಿಸಲಾಯಿತು. ಗೋಂದಿನಿಂದ ಬೇಟೆಯಾಡುವ ಪ್ರಾಣಿ ತಾನೇ ಅಂಟಿಗೆ ಬಲಿಯಾದುದು ವಿಧಿಯ ವಿನೋದವೆನ್ನಬೇಕು. 2016ರಲ್ಲಿ ಕ್ಷ-ಕಿರಣಗಳಿಂದ ಅದನ್ನು ಪರೀಕ್ಷಿಸಿದವರು, ಅದು ಸಿಯಾಂಗ್ ಕಣಿವೆಯ ಹುಳುವಿಗೆ ಅತಿ ಹತ್ತಿರದ ನೆಂಟನೆಂದು ಕಂಡುಕೊಂಡರು. ಹತ್ತು ಕೋಟಿ ವರ್ಷಗಳ ಹಿಂದೆ ಭಾರತವು ಏಷ್ಯವನ್ನು ಮುಟ್ಟಿಯೇ ಇರಲಿಲ್ಲ. ದಕ್ಷಿಣದ ಸಮುದ್ರದಲ್ಲಿ ದೂರವಿತ್ತು. ಅಂದಮೇಲೆ ಬರ್ಮಾದ ಹುಳುವನ್ನು ಅಲ್ಲಿಗೆ ಹೊತ್ತು ತಂದದ್ದು ನಮ್ಮ ಹಡಗಲ್ಲ. ಯುರೋಪಿನ ದಾರಿಯಾಗಿ ನೆಲದ ಮೇಲೆ ನಡೆದೇ ಅವುಗಳ ಪೂರ್ವಿಕರು ಪೂರ್ವಕ್ಕೆ ಬಂದಿರಬೇಕೆಂಬುದು ಆ ಸಂಶೋಧಕರ ತೀರ್ಮಾನ. ಹಾಗಾದರೆ ಸಿಯಾಂಗಿನ ಕುರುಡು ಹುಳು ನಮಗೆ ದಕ್ಷಿಣದಿಂದ ಬಂದ ಆಸ್ತಿಯಲ್ಲ, ಪೂರ್ವದ ನೆರೆಮನೆಯಿಂದ ಬಂದ ಅತಿಥಿ. ಅದು ಸಹ್ಯಾದ್ರಿಯಲ್ಲಿಲ್ಲದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಹೀಗೆಂದು ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು. ಅವನಿಗೊಂದು ಮಾತನ್ನು ಹೇಳಬೇಕಾಯಿತು: ಮೂಗು ಚೂಪಾದ ನೇರಳೆ ಕಪ್ಪೆಯೊಂದು ಕೇರಳದ ಘಟ್ಟದ ಮಣ್ಣಿನೊಳಗೆ ಇದ್ದುದು ವಿಜ್ಞಾನಕ್ಕೆ ಗೊತ್ತಾದದ್ದು 2003ರಲ್ಲಿ; ಅದರ ಹತ್ತಿರದ ನೆಂಟರಿರುವುದು ದೂರದ ಸೆಶೆಲ್ಸ್ ದ್ವೀಪಗಳಲ್ಲಿ. ಅದು ನಿಜವಾಗಿಯೂ ಗೊಂಡ್ವಾನದ ಹಡಗಿನಲ್ಲಿ ಬಂದದ್ದು. ಅಂಗೈಯಗಲದ ಕಪ್ಪೆಯೇ ಇಷ್ಟು ಕಾಲ ಅಡಗಿರಬಲ್ಲುದಾದರೆ, ಘಟ್ಟದ ಕಲ್ಲುಗಳನ್ನೆಲ್ಲ ಮಗುಚಿ ನೋಡಿಯಾಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ಸಿಯಾಂಗ್ ನದಿಗೆ ಅಡ್ಡವಾಗಿ ಸುಮಾರು 11,000 ಮೆಗಾವಾಟ್ ವಿದ್ಯುತ್ತಿಗಾಗಿ ಭಾರಿ ಅಣೆಕಟ್ಟೊಂದನ್ನು ಕಟ್ಟುವ ಯೋಜನೆಯಿದೆ. ಹೊಲಮನೆಗಳು ಮುಳುಗುವುವೆಂದು ಆದಿ ಹಳ್ಳಿಗಳ ಜನ 2024 ಮತ್ತು 2025ರಲ್ಲಿ ಪ್ರತಿಭಟನೆಗಿಳಿದರು. ಅವರ ವಾದ ಅವರ ನೆಲದ್ದು; ಹುಳುವಿಗೆ ವಾದಿಸುವ ಬಾಯಿಲ್ಲ. ರಸ್ತೆಗೆಂದು ಕಾಡು ಕಡಿದ ಇಳಿಜಾರಿನಲ್ಲಿ ಬಿಸಿಲು ಬಿದ್ದು ಮಣ್ಣು ಒಣಗಿದರೆ, ಮೈಯ ರಂಧ್ರಗಳನ್ನು ಮುಚ್ಚಿಕೊಳ್ಳಲಾರದ ಆ ಪ್ರಾಣಿಗೆ ಮುಂದಿನ ಕಲ್ಲಿನವರೆಗೂ ನಡೆಯಲಾಗುವುದಿಲ್ಲ. ಸೇನೆ ಬಂದು ಹೋದಾಗ ಅದು ಉಳಿದದ್ದು ಕಲ್ಲೂ ನೆರಳೂ ಹಾಗೆಯೇ ಉಳಿದಿದ್ದುದರಿಂದ.

ಮೂರನೆಯ ದಿನ ಬೆಳಗ್ಗೆ ಮಾಯಕೊಂಡದಲ್ಲಿ ಬಿಸಿಲೇರಿತು. ಹುಡುಗ ಬದುವಿಗೆ ಹೋಗಿ ಹುಡುಕಿದರೆ ಕೆಂಪು ಹುಳು ಒಂದೂ ಇರಲಿಲ್ಲ. ಎಲ್ಲ ಮಣ್ಣು ಸೇರಿದ್ದವು. ಬದುವಿನ ಕಲ್ಲೊಂದನ್ನು ಮಗುಚಿ ನೋಡಿದ. ಎರಡು ಇರುವೆ, ಒಂದು ಚೇಳಿನ ಮರಿ. ಕಲ್ಲನ್ನು ಮೊದಲಿದ್ದಂತೆಯೇ ಇಟ್ಟು ಬಂದ.